ಅವರ ಕೆಲಸ ಚಿಕ್ಕಪೇಟೆ, ನನ್ನದು ಮೈಸೂರು: ಮಧ್ಯೆ ಯಾವ ಊರಲ್ಲಿ ಮನೆ ಮಾಡೋದು?

ಪ್ರಶ್ನೆ

ನಮಸ್ಕಾರ. ಬೆಂಗಳೂರು–ಮೈಸೂರು ದಾರಿಯ ಊರುಗಳಲ್ಲಿ ಮನೆ ಮಾಡಿಕೊಂಡು ದಿನಾ ಓಡಾಡೋರು ಯಾರಾದ್ರೂ ಇದ್ರೆ ದಯವಿಟ್ಟು ಉತ್ತರ ಕೊಡಿ.

ನಾನು ಮೈಸೂರಿನ ಒಂದು ಖಾಸಗಿ ಆಸ್ಪತ್ರೇಲಿ ಸ್ಟಾಫ್ ನರ್ಸ್. ನಮ್ಮನೆಯವರು ಚಿಕ್ಕಪೇಟೇಲಿ ಸಗಟು ಬಟ್ಟೆ ಅಂಗಡಿಯೊಂದರ ಲೆಕ್ಕ ನೋಡ್ಕೋತಾರೆ. ಮದುವೆ ಆದಾಗಿಂದ ಹೀಗೇ ನಡೀತಿದೆ. ಅವರು ಅಲ್ಲಿ ಊರಿನ ಹುಡುಗರ ಜೊತೆ ರೂಮಲ್ಲಿ, ನಾನು, ಮಗಳು, ಅತ್ತೆ ಇಲ್ಲಿ. ಎರಡು ಕಡೆ ಬಾಡಿಗೆ, ಎರಡು ಕಡೆ ಸಿಲಿಂಡರ್, ಎರಡು ಕಡೆ ಹಾಲಿನ ಲೆಕ್ಕ. ಶನಿವಾರ ರಾತ್ರಿ ಬಂದ್ರೆ ಸೋಮವಾರ ನಸುಕಲ್ಲೇ ಹೊರಡ್ತಾರೆ. ಮಗಳು ಬರೋ ಜೂನಿಗೆ ಮೂರನೇ ಕ್ಲಾಸು. ಸ್ಕೂಲ್ ಬದಲಾಯಿಸೋದಾದ್ರೆ ಈಗಲೇ ಬದಲಾಯಿಸಬೇಕು, ದೊಡ್ಡವಳಾದ ಮೇಲೆ ಅವಳಿಗೇ ಕಷ್ಟ.

ಬೆಂಗಳೂರಿಗೇ ಎಲ್ಲರೂ ಹೋಗೋಣ ಅಂದ್ರೆ ಅಲ್ಲಿ ಎರಡು ರೂಮಿನ ಮನೆಗೆ ಕೇಳೋ ಬಾಡಿಗೆ, ಅಡ್ವಾನ್ಸು ನಮ್ಮ ಕೈಗೆ ಎಟುಕಲ್ಲ. ಅವರು ಮೈಸೂರಿಂದ ದಿನಾ ಹೋಗಿಬರೋಣ ಅಂದ್ರೆ ದೇಹ ತಡೆಯಲ್ಲ. ಅದಕ್ಕೇ ಮಧ್ಯದ ಊರು ಹುಡುಕ್ತಿದೀವಿ. ನಮ್ಮ ಪಟ್ಟೀಲಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಇವೆ. ಮ್ಯಾಪಲ್ಲಿ ನೋಡಿದ್ರೆ ಮದ್ದೂರು ಸರಿಸುಮಾರು ನಡುವೆ ಬರುತ್ತೆ, ಇಬ್ಬರಿಗೂ ಸಮ ಆಗ್ಲಿ, ಅಲ್ಲೇ ಇರೋಣ ಅಂತಾರೆ ನಮ್ಮನೆಯವರು. ನನಗೆ ಯಾಕೋ ಪೂರ್ತಿ ಮನಸ್ಸಿಲ್ಲ.

ಬಾಡಿಗೆ 10 ಸಾವಿರದ ಒಳಗಿರಬೇಕು, ಅಡ್ವಾನ್ಸ್ ಒಂದು ಲಕ್ಷದವರೆಗೆ ಹೊಂದಿಸಬಹುದು. ನನ್ನ ಡ್ಯೂಟಿ ಬೆಳಿಗ್ಗೆ 8ರಿಂದ 2, ಇಲ್ಲಾ 2ರಿಂದ 8, ಆಗಾಗ ನೈಟ್. ಅವರ ಅಂಗಡಿ ಹತ್ತೂವರೆಗೆ ತೆಗೆದು ರಾತ್ರಿ ಎಂಟರ ಮೇಲೆ ಮುಚ್ಚೋದು. ಅತ್ತೆಗೆ ಶುಗರ್, ಬಿ.ಪಿ. ಇದೆ, ಆಸ್ಪತ್ರೆ ಹತ್ತಿರ ಇರಬೇಕು. ಇನ್ನೊಂದು ವಿಷಯ. ಬ್ರೋಕರ್ ಒಬ್ಬರು ಎಕ್ಸ್‌ಪ್ರೆಸ್‌ವೇ ಪಕ್ಕ ಹಳ್ಳೀಲಿ ಸೈಟ್ ಇದೆ, ಬಾಡಿಗೆ ಯಾಕೆ ಕಟ್ತೀರಾ, ಈಗಲೇ ತಗೊಳ್ಳಿ ಅಂತ ದಿನಾ ಫೋನ್ ಮಾಡ್ತಿದಾರೆ. ಅದಕ್ಕೂ ನಿಮ್ಮ ಅಭಿಪ್ರಾಯ ಬೇಕು.

ಮಂಡ್ಯದಿಂದ ಒಬ್ಬರು

ತಂಗಿ, ಮಂಡ್ಯದಿಂದ ಬೆಂಗಳೂರಿಗೆ ಪಾಸಿನ ಮೇಲೆ ಓಡಾಡ್ಕೊಂಡೇ ಇಬ್ಬರು ಮಕ್ಕಳನ್ನ ಓದಿಸಿದವನು ನಾನು. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಮೊದಲು ಆ ಮ್ಯಾಪ್ ಮಡಚಿಡಿ. ಕಿಲೋಮೀಟರ್ ಸಮ ಆದ್ರೆ ಕಷ್ಟ ಸಮ ಆಗಲ್ಲ. ಬೆಳಿಗ್ಗೆ 8ಕ್ಕೆ ವಾರ್ಡಲ್ಲಿ ನಿಂತಿರಬೇಕಾದವರು ನೀವು. ಹತ್ತೂವರೆಗೆ ಅಂಗಡಿ ಬಾಗಿಲು ತೆಗೆಯೋರಿಗೆ ಬೆಳಗ್ಗೆ ಎರಡೂವರೆ ಗಂಟೆ ಹೆಚ್ಚಿಗೆ ಸಿಗುತ್ತೆ. ಆದ್ದರಿಂದ ಊರು ನಿಮ್ಮ ಕಡೆಗೆ ವಾಲಬೇಕು. ರಾಮನಗರ ಬೆಂಗಳೂರಿಂದ 45 ಕಿ.ಮೀ. ಆಸುಪಾಸು, ಅಲ್ಲಿಂದ ಮೈಸೂರು 90ರ ಮೇಲೆ. ಚನ್ನಪಟ್ಟಣನೂ ನಿಮಗೆ 80 ದಾಟುತ್ತೆ. ಎರಡನ್ನೂ ಪಟ್ಟಿಯಿಂದ ತೆಗೀರಿ. ಗಂಡ ಹೆಂಡತಿ ಇಬ್ಬರೂ ಬೆಂಗಳೂರಲ್ಲಿ ದುಡಿಯೋರಿಗೆ ಅವು ಬಹಳ ಒಳ್ಳೆ ಊರು, ನಿಮಗಲ್ಲ. ಮಂಡ್ಯದಿಂದ ಮೈಸೂರು 45, ಬೆಂಗಳೂರು ರೈಲಲ್ಲಿ 93. ನಿಮ್ಮ ಗಂಡನಿಗೆ ದೂರ ಜಾಸ್ತಿ, ನಿಜ. ಆದ್ರೆ ಕೂತು ಹೋಗೋ ದೂರಕ್ಕೂ ಬಸ್‌ಸ್ಟಾಪಲ್ಲಿ ನಿಂತು ಕಾಯೋ ದೂರಕ್ಕೂ ಬಹಳ ವ್ಯತ್ಯಾಸ ಇದೆ.

ಪಾಸಿನ ಲೆಕ್ಕ ಹೇಳ್ತೀನಿ. ರೈಲ್ವೆ ಸೀಸನ್ ಪಾಸ್ 150 ಕಿ.ಮೀ.ವರೆಗೆ ಕೊಡ್ತಾರೆ. ಒಂದು ವಾರ ಬಸ್ಸಿಗೆ ಕೊಡೋ ದುಡ್ಡಲ್ಲಿ ತಿಂಗಳ ಪಾಸ್ ಆಗಿ ಇನ್ನೂ ಮಿಗುತ್ತೆ. ಮೂರು ತಿಂಗಳದು ಒಟ್ಟಿಗೆ ತಗೊಂಡ್ರೆ 2.7 ತಿಂಗಳ ದುಡ್ಡು ಕಟ್ಟಿದ್ರೆ ಸಾಕು. ಸೂಪರ್‌ಫಾಸ್ಟ್ ಗಾಡಿಗೆ ಬೇರೆ ಸರ್ಚಾರ್ಜ್ ಇದೆ. ರಿಸರ್ವೇಶನ್ ಬೋಗಿಗೆ, ಶತಾಬ್ದಿಗೆ, ವಂದೇ ಭಾರತ್‌ಗೆ ಪಾಸ್ ನಡೆಯಲ್ಲ. ಚಾಮುಂಡಿ ಎಕ್ಸ್‌ಪ್ರೆಸ್ ನಮ್ಮ ಕಡೆ ನೌಕರರ ಗಾಡಿ ಅಂತಲೇ ಹೆಸರು. ಬೆಳಿಗ್ಗೆ ಹೋಗುತ್ತೆ, ಸಂಜೆ ವಾಪಸ್ ಬರುತ್ತೆ. ಮೆಜೆಸ್ಟಿಕ್‌ನಲ್ಲಿ ಇಳಿದ್ರೆ ಹಸಿರು ಮಾರ್ಗದ ಮೆಟ್ರೋದಲ್ಲಿ ಮುಂದಿನ ಸ್ಟೇಷನ್ನೇ ಚಿಕ್ಕಪೇಟೆ. ಅಂಗಡಿ ತೆಗೆಯೋ ಹೊತ್ತಿಗೆ ಸಲೀಸಾಗಿ ಮುಟ್ತಾರೆ.

ತೊಂದರೆ ಇರೋದು ಸಂಜೆ. ಚಾಮುಂಡಿ ಬೆಂಗಳೂರು ಬಿಡೋದು ಆರು ಗಂಟೆ ಮೇಲೆ, ಅಷ್ಟು ಬೇಗ ಅವರ ಯಜಮಾನರು ಕಳಿಸಲ್ಲ. ಎಂಟೂವರೆಗೆ ಹೊರಟ್ರೆ ಬಸ್ಸೇ ಗತಿ. ಚಿಕ್ಕಪೇಟೆಯಿಂದ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ದೀಪಾಂಜಲಿ ನಗರದಲ್ಲಿ ಇಳಿದ್ರೆ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣ ಹತ್ತಿರ. ಹತ್ತೋ ಮುಂಚೆ ಕಂಡಕ್ಟರನ್ನ ಒಂದು ಮಾತು ಕೇಳಲೇಬೇಕು: ಮಂಡ್ಯ ಸ್ಟ್ಯಾಂಡಿಗೆ ಹೋಗುತ್ತಾ, ಬೈಪಾಸಲ್ಲೇ ಹೋಗುತ್ತಾ? 2023ರಲ್ಲಿ ಹೆದ್ದಾರಿ ಉದ್ಘಾಟನೆ ಆದ ಮೇಲೆ ಎಷ್ಟೋ ಬಸ್ಸು ಊರಿನ ಮುಖಾನೇ ನೋಡಲ್ಲ. ರಾತ್ರಿ ಹತ್ತರ ಮೇಲೆ ಬೈಪಾಸಲ್ಲಿ ಇಳಿಸಿದ್ರೆ ಊರೊಳಗೆ ಬರೋಕೆ ಆಟೋ ಸಿಗಲ್ಲ. ಬೈಕಲ್ಲಿ ಹೋಗಿಬರ್ತೀನಿ ಅಂತ ಅವರು ಹೊರಟ್ರೆ ಬೇಡ ಅನ್ನಿ. 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಕ್ಕೆ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೇಲಿ ಪ್ರವೇಶ ಇಲ್ಲ. ಸರ್ವಿಸ್ ರಸ್ತೆ ಎಲ್ಲಾ ಕಡೆ ಒಂದೇ ಸಮ ಇಲ್ಲ.

ಅವರಿಗೆ ನನ್ನ ಸಲಹೆ: ಯಜಮಾನರ ಹತ್ರ ಕೂತು ಮಾತಾಡಲಿ. ಲೆಕ್ಕದ ಕೆಲಸ ಅಲ್ವಾ, ಗಿರಾಕಿ ಮುಂದೆ ಥಾನು ಬಿಚ್ಚೋ ಕೆಲಸ ಅಲ್ಲ. ಹತ್ತೂವರೆ ಬದಲು ಒಂಬತ್ತೂವರೆಗೇ ಬಂದು ಹಿಂದಿನ ದಿನದ ಲೆಕ್ಕ ಮುಗಿಸ್ತೀನಿ, ವಾರದಲ್ಲಿ ಮೂರು ದಿನ ಆದ್ರೂ ಐದೂವರೆಗೆ ಬಿಡಿ ಅಂತ ಕೇಳಲಿ. ನಮ್ಮ ಗಾಡಿಯ ಎಷ್ಟೋ ಜನ ಹೀಗೆ ಮಾತಾಡಿಕೊಂಡೇ ಕೆಲಸ ಉಳಿಸಿಕೊಂಡಿರೋದು.

ಮನೆ ಹುಡುಕುವಾಗ ಸ್ಟೇಷನ್ನಿಗೆ ನಡೆದು ಹೋಗೋಷ್ಟು ಹತ್ತಿರ ಹುಡುಕಿ. ಊರಾಚೆ ಹೊಸ ಬಡಾವಣೇಲಿ ಎರಡು ಸಾವಿರ ಕಮ್ಮಿಗೆ ಸಿಗುತ್ತೆ, ಆ ಎರಡು ಸಾವಿರ ಆಟೋಗೇ ಹೋಗುತ್ತೆ, ಜೊತೆಗೆ ದಿನಾ ಅರ್ಧ ಗಂಟೆ ನಿದ್ದೆ ಹೋಗುತ್ತೆ. ಅತ್ತೆಯವರ ವಿಷಯಕ್ಕೆ ಚಿಂತೆ ಬೇಡ, ಊರೊಳಗೇ ಮಿಮ್ಸ್ ಇದೆ, ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಸೊಳ್ಳೆ ಕಾಟ ಇದೆ, ಸುತ್ತ ಗದ್ದೆ ಕಾಲುವೆ ಅಲ್ವಾ, ಕಿಟಕಿಗೆ ಮೆಶ್ ಹಾಕಿಸಿರೋ ಮನೆ ನೋಡಿ.

ಒಂದು ವಿಷಯ ಮುಚ್ಚಿಡಬಾರದು. ಕಾವೇರಿ ಚಳವಳಿ ಶುರುವಾದ್ರೆ ಮಂಡ್ಯ ನಿಲ್ಲುತ್ತೆ. 2016ರ ಸೆಪ್ಟೆಂಬರಲ್ಲೂ 2023ರ ಸೆಪ್ಟೆಂಬರಲ್ಲೂ ಬಂದ್ ಆಗಿತ್ತು, ರಸ್ತೆಗೆ ಜನ ಇಳಿದಿದ್ರು. ಅಂಥ ದಿನ ಕೆಲಸಕ್ಕೆ ಹೋಗೋಕಾಗಲ್ಲ. ಇಲ್ಲಿ ನಾಲೆ ನೀರು ನಿಂತ್ರೆ ಕಬ್ಬು, ಭತ್ತ ಎರಡೂ ಹೋಗುತ್ತೆ. ನಮ್ಮೂರಿಗೆ ಬಂದು ಇರೋರು ಅದನ್ನ ಬರೀ ಟ್ರಾಫಿಕ್ ತೊಂದರೆ ಅಂತ ನೋಡಬಾರದು ಅಂತ ನನ್ನ ಆಸೆ.

ಶ್ರೀರಂಗಪಟ್ಟಣದಿಂದ ಒಬ್ಬರು

ಮೇಲಿನ ಅಣ್ಣ ಹೇಳಿದ್ದು ಬಹುಪಾಲು ಸರಿ. ಆದ್ರೆ ಒಬ್ಬ ಕೆಲಸಕ್ಕೆ ಹೋಗೋ ಹೆಂಗಸಾಗಿ ನಾನು ಬೇರೆ ಹೇಳ್ತೀನಿ. ಅಕ್ಕ, ರಾತ್ರಿ 8ಕ್ಕೆ ಡ್ಯೂಟಿ ಮುಗಿಸಿ, ಚಾರ್ಜ್ ವಹಿಸಿಕೊಟ್ಟು, ಬಟ್ಟೆ ಬದಲಾಯಿಸಿ ಹೊರಡೋ ಹೊತ್ತಿಗೆ ಎಂಟೂವರೆ. ಅಲ್ಲಿಂದ ಮಂಡ್ಯ ಮುಟ್ಟೋ ಹೊತ್ತಿಗೆ ಹತ್ತು. ಆ ದಿನ ನಿಮ್ಮ ಯಜಮಾನರೂ ಬಸ್ಸಲ್ಲೇ ಇರ್ತಾರೆ. ಮಗಳಿಗೆ ಊಟ ಹಾಕಿ ಮಲಗಿಸೋದು ಶುಗರ್ ಇರೋ ಅತ್ತೆ. ಇದನ್ನ ಲೆಕ್ಕಕ್ಕೆ ತಗೊಳ್ಳಿ.

ನಮ್ಮ ಶ್ರೀರಂಗಪಟ್ಟಣ ಯಾಕೆ ನಿಮ್ಮ ಪಟ್ಟೀಲಿಲ್ಲ? ಮೈಸೂರು ಇಲ್ಲಿಂದ 15 ಕಿ.ಮೀ. ಸುಮಾರು, ಸಿಟಿ ಬಸ್ಸೇ ಬರುತ್ತೆ. ಬೆಂಗಳೂರಿಗೆ ರೈಲಲ್ಲಿ 125 ಕಿ.ಮೀ. ಒಳಗೆ, ಅಂದ್ರೆ ಪಾಸಿನ ಮಿತಿಯೊಳಗೇ. ನಿಮ್ಮ ಯಜಮಾನರಿಗೆ ಇದು ಹೆಚ್ಚಿನ ಹೊರೆ, ಒಪ್ಕೋತೀನಿ. ವಾರದಲ್ಲಿ ಎರಡು ರಾತ್ರಿ ರೂಮಲ್ಲೇ ಉಳಿದು ಮಿಕ್ಕ ದಿನ ಬಂದ್ರೂ ಈಗಿನದ್ದಕ್ಕಿಂತ ಎಷ್ಟೋ ಮೇಲು. ಬಾಡಿಗೆ ಮೈಸೂರಿಗಿಂತ ಕಮ್ಮಿ.

ಇಲ್ಲಿ ಮುಂದೆ ಮನೆ ಕಟ್ಟೋ ಯೋಚನೆ ಇದ್ರೆ ಮಾತ್ರ ಹುಷಾರು. ದ್ವೀಪದ ತುಂಬಾ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಿವೆ. ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಮನೆ ಕಟ್ಟೋ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್ ಅನುಮತಿ ಇಲ್ಲದೆ ಕಟ್ಟೋ ಹಾಗಿಲ್ಲ. ಕಮ್ಮಿ ಬೆಲೆಗೆ ಜಾಗ ಸಿಕ್ತು ಅಂತ ಖುಷಿಪಟ್ಟು ಆಮೇಲೆ ಒಂದು ಕೋಣೇನೂ ಏರಿಸೋಕಾಗದೆ ಕೂತವರನ್ನ ನೋಡಿದೀನಿ. ಕೆ.ಆರ್.ಎಸ್.ನಿಂದ ಜಾಸ್ತಿ ನೀರು ಬಿಟ್ಟಾಗ ನದಿ ದಡದ ತಗ್ಗಿಗೂ ನೀರು ಬರುತ್ತೆ. ಬಾಡಿಗೆಗಾದ್ರೂ ಸರಿ, ದಡದ ಮನೆ ನೋಡಬೇಡಿ.

ಮಂಡ್ಯಾನೇ ಅಂತ ತೀರ್ಮಾನ ಮಾಡಿದ್ರೆ ಶಕ್ತಿ ಯೋಜನೆ ಮರೀಬೇಡಿ. 2023ರ ಜೂನ್ 11ರಿಂದ ಸಾಮಾನ್ಯ ಮತ್ತು ವೇಗದೂತ ಬಸ್ಸಲ್ಲಿ ನಮ್ಮ ಹೆಂಗಸರಿಗೆ ಟಿಕೆಟ್ ಉಚಿತ. ರಾಜ್ಯದ ವಿಳಾಸ ಇರೋ ಆಧಾರ್ ತೋರಿಸಿದ್ರೆ ಆಯ್ತು. ನಿಮ್ಮ ತಿಂಗಳ ಓಡಾಟದ ಖರ್ಚು ಅಲ್ಲಿಗೆ ಇಳಿಯಿತು. ಆ ದುಡ್ಡಲ್ಲಿ ಮಗಳನ್ನ ಸಂಜೆ ನೋಡ್ಕೊಳ್ಳೋಕೆ ಅಕ್ಕಪಕ್ಕದ ಒಬ್ಬ ಹೆಂಗಸಿಗೆ ಏನಾದ್ರೂ ಕೊಟ್ಟು ಗೊತ್ತು ಮಾಡಿಕೊಳ್ಳಿ.

ಮದ್ದೂರಿನಿಂದ ಒಬ್ಬರು

ನಮ್ಮೂರು ಅಂತ ಪ್ರೀತಿ ಇದೆ, ಬಾಡಿಗೇನೂ ಕಮ್ಮಿ. ಆದ್ರೂ ನಿಮಗೆ ಬೇಡ ಮೇಡಂ. ಮೇಲ್ಸೇತುವೆ ಆದ ಮೇಲೆ ದೂರದ ಬಸ್ಸುಗಳು ಊರಿನ ತಲೆ ಮೇಲೇ ಹೋಗ್ತವೆ. ವಡೆ ಅಂಗಡಿಯವರೇ ಗಿರಾಕಿ ಕಮ್ಮಿಯಾಯ್ತು ಅಂತಿದಾರೆ. ಮೈಸೂರಲ್ಲಿ 8 ಗಂಟೆ ಡ್ಯೂಟಿಗೆ ಇಲ್ಲಿಂದ ಐದಕ್ಕೇ ಎದ್ದು ಓಡಬೇಕು. ಮಂಡ್ಯಾನೇ ಸರಿ.

ಪತ್ರ ಬರೆಯುವವರು ಒಬ್ಬರು

ಸೈಟಿನ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ಉಪನೋಂದಣಿ ಕಚೇರಿಯ ಎದುರು ಕೂತು ಕ್ರಯಪತ್ರ ಬರೆಯುವುದು ನನ್ನ ಕಸುಬು.

ಈ ವರ್ಷ ಸೈಟು ಕೊಳ್ಳಬೇಡಿ. ಒಂದು ವರ್ಷ ಬಾಡಿಗೆಗೆ ಇದ್ದು, ಇಬ್ಬರ ಕೆಲಸವೂ ಈ ಓಡಾಟಕ್ಕೆ ಹೊಂದುತ್ತದೆ ಎಂದು ಖಾತ್ರಿಯಾದ ಮೇಲೆ ನೋಡಿ. ಹೆದ್ದಾರಿ ಪಕ್ಕ ಎಂದು ಮಾರುವ ಸೈಟುಗಳಲ್ಲಿ ಎಷ್ಟೋ ಇನ್ನೂ ಪಹಣಿಯಲ್ಲಿ ಹೊಲವೇ ಆಗಿರುತ್ತವೆ. ಬಿಳಿ ಕಲ್ಲು ನೆಟ್ಟು, ಮಣ್ಣಿನ ರಸ್ತೆ ಎಳೆದ ಮಾತ್ರಕ್ಕೆ ಅದು ಬಡಾವಣೆಯಾಗುವುದಿಲ್ಲ. ಅನ್ಯಕ್ರಾಂತ (ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸಿದ) ಆದೇಶ ಇದೆಯೇ, ನಕ್ಷೆಗೆ ಅನುಮೋದನೆ ಇದೆಯೇ, ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿ ದಾಖಲೆಯ) ನಮೂನೆಗಳು ಮಾರುವವರ ಹೆಸರಿನಲ್ಲೇ ಇವೆಯೇ ಎಂದು ಕೇಳಿ. ಬ್ರೋಕರ್ ಕೊಡುವ ಜೆರಾಕ್ಸ್ ನಂಬಬೇಡಿ. ಆಸ್ತಿಯ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರವನ್ನು (ಇ.ಸಿ.) ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಿ ತೆಗೆಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಜಮೀನಿನ ಮೂಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. 2023ರ ತಿದ್ದುಪಡಿಯ ನಂತರ ಆ ಜಮೀನು ಮರಳಿ ಕೊಡಿಸಿ ಎಂದು ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಬಡವರಿಗೆ ಕೊಟ್ಟ ಭೂಮಿ ಬಡವರಲ್ಲೇ ಉಳಿಯಲಿ ಎಂದು ಮಾಡಿದ ಕಾನೂನು ಅದು. ಗೊತ್ತಿಲ್ಲದೆ ಕೊಂಡವರ ದುಡ್ಡೂ ಹೋಗುತ್ತದೆ, ಮೂಲ ಮಂಜೂರಾತಿದಾರರಿಗೂ ಅನ್ಯಾಯವಾಗುತ್ತದೆ. ಮಂಜೂರಾತಿ ಕಡತ ನೋಡದೆ ಮುಂಗಡ ಕೊಡಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್. ಇದನ್ನೆಲ್ಲಾ ನಮ್ಮನೆಯವರಿಗೆ ಓದಿ ಹೇಳ್ದೆ. ಮದ್ದೂರು ಬಿಟ್ವಿ. ಬ್ರೋಕರ್‌ಗೆ ಸದ್ಯ ಬೇಡ ಅಂದಿದೀವಿ. ಅಂಗಡಿ ಯಜಮಾನರು ವಾರಕ್ಕೆ ಮೂರು ದಿನ ಬೇಗ ಬಿಡೋಕೆ ಒಪ್ಪಿದಾರೆ, ಬೆಳಿಗ್ಗೆ ಬೇಗ ಬರಬೇಕು ಅಂತ ಷರತ್ತು. ನಾನೂ ನಮ್ಮ ಇನ್‌ಚಾರ್ಜ್ ಸಿಸ್ಟರ್ ಹತ್ರ 2ರಿಂದ 8ರ ಡ್ಯೂಟಿ ಕಮ್ಮಿ ಮಾಡಿ, ಬದಲಿಗೆ ಬೆಳಗಿಂದು ಹೆಚ್ಚು ಮಾಡ್ತೀನಿ ಅಂತ ಕೇಳ್ಕೊಂಡಿದೀನಿ. ಅವರು ಆಗಲ್ಲ ಅಂದ್ರೆ ಶ್ರೀರಂಗಪಟ್ಟಣ, ಆಗುತ್ತೆ ಅಂದ್ರೆ ಮಂಡ್ಯ. ಅತ್ತೆಗೆ ಮಾತ್ರ ಮಂಡ್ಯಾನೇ ಇಷ್ಟ, ಅವರ ತಂಗಿ ಮನೆ ಅಲ್ಲಿದೆ. ಬರೋ ಭಾನುವಾರ ಮನೆ ನೋಡೋಕೆ ಬರೋಣ ಅಂತಿದೀವಿ.

ಮಂಡ್ಯದಿಂದ ಒಬ್ಬರು

ಬಹಳ ಸಂತೋಷ ತಂಗಿ. ಅತ್ತೆಯವರ ತಂಗಿ ಇಲ್ಲೇ ಇದ್ರೆ ಸಂಜೆ ಮಗುವಿನ ಚಿಂತೆ ಅರ್ಧ ಕಳೀತು. ಭಾನುವಾರ ಬೇಡ, ಅವತ್ತು ಎಲ್ಲಾ ಬೀದೀನೂ ಶಾಂತವಾಗೇ ಕಾಣುತ್ತೆ. ರಜೆ ಹಾಕಿ ವಾರದ ದಿನ ಬನ್ನಿ. ಬೆಳಿಗ್ಗೆ ಸ್ಟೇಷನ್ನಿಂದ ಮನೆವರೆಗೆ ನಡೆದು ನೋಡಿ, ಅದೇ ದಾರೀಲಿ ರಾತ್ರಿ ಒಂಬತ್ತರ ಮೇಲೆ ಬೀದಿ ದೀಪ ಉರಿಯುತ್ತಾ ಅಂತ ಇನ್ನೊಂದ್ಸಲ ನೋಡಿ. ನಲ್ಲಿ ನೀರು ಎಷ್ಟು ದಿನಕ್ಕೊಂದು ಸಲ ಬಿಡ್ತಾರೆ ಅಂತ ಮನೆ ಮಾಲೀಕರನ್ನ ಕೇಳಬೇಡಿ, ಪಕ್ಕದ ಮನೆ ಹೆಂಗಸರನ್ನ ಕೇಳಿ. ಅಡ್ವಾನ್ಸ್ ಕೊಡುವಾಗ ಕರಾರು ಪತ್ರ ಬರೆಸಿ, ದುಡ್ಡು ಬ್ಯಾಂಕ್ ಮೂಲಕವೇ ಹಾಕಿ. ಪಾಸ್ ಮೊದಲನೇ ಸಲ ಒಂದೇ ತಿಂಗಳದು ಮಾಡಿಸಿ, ಅವರ ಮೈಗೆ ಒಗ್ಗಿದ್ರೆ ಆಮೇಲೆ ಮೂರು ತಿಂಗಳದು.