ರಫ್ತು ಆರ್ಡರಿಗೆ ಹಾಕಿದ ನಿರ್ಬಂಧ ಊರಿನ ಆರ್ಡರನ್ನೂ ತಡೆಯುತ್ತಿದೆ

ಬೈಕಂಪಾಡಿಯವರು:
ನಮ್ಮದು ಗೋಡಂಬಿ ಕಾರ್ಖಾನೆ, ಆರ್ಡರ್ ನಿರ್ವಹಣೆಗೆ ಒರ್ಯಾಕಲ್ ಫ್ಯೂಷನ್ ತಂತ್ರಾಂಶ. ಆರ್ಡರಿನ ಪ್ರತಿ ಸಾಲಿಗೂ ‘ಪ್ಯಾಕಿಂಗ್ ವಿಧ’ ಎಂಬ ಹೆಚ್ಚುವರಿ ಕ್ಷೇತ್ರವನ್ನು ಎಕ್ಸ್‌ಟೆನ್ಸಿಬಲ್ ಫ್ಲೆಕ್ಸ್‌ಫೀಲ್ಡ್ (ನಮ್ಮದೇ ಕ್ಷೇತ್ರಗಳನ್ನು ಸೇರಿಸಿಕೊಳ್ಳುವ ಸೌಲಭ್ಯ) ಮೂಲಕ ಸೇರಿಸಿದ್ದೇನೆ. 11.34 ಕಿಲೋ ಟಿನ್ನೋ, 22.68 ಕಿಲೋ ನಿರ್ವಾತ ಚೀಲವೋ ಎಂದು ಅಲ್ಲಿ ಬರೆಯಬೇಕು. ರಫ್ತು ಆರ್ಡರಿನಲ್ಲಿ ಇದು ಖಾಲಿ ಇದ್ದರೆ ಸಬ್ಮಿಟ್ ಆಗಬಾರದು. ಈಗ ಪ್ಯಾಕಿಂಗಿನವರು ಫೋನ್ ಮಾಡಿ ವಿಚಾರಿಸುವ ಹೊತ್ತಿಗೆ ಪಣಂಬೂರು ಬಂದರಿಗೆ ಕಂಟೇನರ್ ಹೊರಡುವ ಸಮಯವಾಗಿರುತ್ತದೆ.

ಹಾಗಾಗಿ ಪ್ರೊಸೆಸಿಂಗ್ ಕನ್‌ಸ್ಟ್ರೇಂಟ್ (ಷರತ್ತು ನಿಜವಾದರೆ ಆರ್ಡರನ್ನು ತಡೆಯುವ ನಿರ್ಬಂಧ) ಒಂದನ್ನು ಮಾಡಿ, ಎರಡು ಷರತ್ತು ಕೊಟ್ಟೆ: ಆರ್ಡರ್ ವಿಧ ರಫ್ತು, ಪ್ಯಾಕಿಂಗ್ ವಿಧ ಖಾಲಿ. ಆದದ್ದೇ ಬೇರೆ. ಕಾರ್ಕಳದ ಅಂಗಡಿಯ ಎರಡು ಟಿನ್ನಿನ ಆರ್ಡರೂ ನಿಂತಿತು, ಎಲ್ಲ ಸಾಲುಗಳನ್ನೂ ತುಂಬಿದ ರಫ್ತು ಆರ್ಡರೂ ನಿಂತಿತು. ಬೆಳಗ್ಗಿನಿಂದ ಮಾರಾಟ ವಿಭಾಗದವರು ನನ್ನ ಮೇಜಿನ ಸುತ್ತಲೇ ಇದ್ದಾರೆ.

ಕದ್ರಿಯವರು:
ನಿರ್ಬಂಧ ಏಕೆ? ಆ ಕ್ಷೇತ್ರವನ್ನೇ ಕಡ್ಡಾಯ ಮಾಡಿಬಿಡಿ.

ಬೈಕಂಪಾಡಿಯವರು:
ಕಡ್ಡಾಯ ಮಾಡಿದರೆ ಕಾರ್ಕಳದವರಿಗೂ ಕಡ್ಡಾಯವಾಗುತ್ತದೆ, ಸರ್. ಈಗಿನ ರಗಳೆಯೇ ಅದು.

ಮಣಿಪಾಲದವರು:
ವ್ಯಾಲಿಡೇಷನ್ ರೂಲ್ ಸೆಟ್ (ಷರತ್ತು ಪರೀಕ್ಷಿಸುವ ನಿಯಮ) ಬರೆದ ಮೇಲೆ ಅದನ್ನು ಜಾರಿಗೆ ತರುವ ‘ಜನರೇಟ್ ಪ್ಯಾಕೇಜಸ್’ ಒತ್ತಿದ್ದೀರಾ? ಅದನ್ನು ಮರೆಯುವವರು ಬಹಳ. ಆದರೆ ನಿಮ್ಮಲ್ಲಿ ನಿರ್ಬಂಧ ಕೆಲಸವನ್ನಂತೂ ಮಾಡುತ್ತಿದೆ, ಅತಿಯಾಗಿ ಮಾಡುತ್ತಿದೆ. ಹಾಗಾಗಿ ದೋಷ ಬೇರೆಡೆ ಇರಬೇಕು. ಎಲ್ಲ ತುಂಬಿದ ರಫ್ತು ಆರ್ಡರ್ ನಿಂತಾಗ ಯಾವ ಷರತ್ತಿನ ಸಂದೇಶ ಬಂತು? ಎರಡೂ ಷರತ್ತುಗಳ ಗ್ರೂಪ್ ಸಂಖ್ಯೆ ಎಷ್ಟು?

ಬೈಕಂಪಾಡಿಯವರು:
ಪ್ಯಾಕೇಜ್ ಆಗಿದೆ. ಬಂದದ್ದು ಮೊದಲನೆಯ ಷರತ್ತಿನ ಸಂದೇಶ. ಗ್ರೂಪ್ ಸಂಖ್ಯೆ 10 ಮತ್ತು 20.

ಮಣಿಪಾಲದವರು:
ಸಿಕ್ಕಿತು, ಮಾರಾಯರೇ. ನೀವು ಅದನ್ನು ಕ್ರಮಸಂಖ್ಯೆ ಎಂದುಕೊಂಡಿದ್ದೀರಿ. ಒಂದೇ ಗ್ರೂಪ್ ಸಂಖ್ಯೆಯಲ್ಲಿರುವ ಷರತ್ತುಗಳು ಎಲ್ಲವೂ ಒಟ್ಟಿಗೆ ನಿಜವಾದರೆ ಮಾತ್ರ ತಡೆಯುತ್ತವೆ. ಸಂಖ್ಯೆ ಬೇರೆಯಾದರೆ ಅವುಗಳ ನಡುವೆ ‘ಅಥವಾ’ ಬರುತ್ತದೆ. ನೀವು ಬರೆದದ್ದರ ಅರ್ಥ: ರಫ್ತಾಗಿದ್ದರೆ ತಡೆ, ಅಥವಾ ಪ್ಯಾಕಿಂಗ್ ಖಾಲಿ ಇದ್ದರೆ ತಡೆ. ಎರಡಕ್ಕೂ 10 ಎಂದೇ ಕೊಡಿ.

ಬೈಕಂಪಾಡಿಯವರು:
ಕಾರ್ಕಳದ ಆರ್ಡರ್ ಹೋಯಿತು! ಆದರೆ ಮೂರು ಸಾಲಿನ ರಫ್ತು ಆರ್ಡರಿನಲ್ಲಿ ಡಬ್ಲ್ಯೂ 320 ದರ್ಜೆಯ ಗೋಡಂಬಿಯ ಸಾಲನ್ನು ಬೇಕೆಂದೇ ಖಾಲಿ ಬಿಟ್ಟು ನೋಡಿದೆ. ಅದೂ ಸಲೀಸಾಗಿ ಹೋಯಿತು. ಮೂರೂ ಖಾಲಿ ಇದ್ದರೆ ಮಾತ್ರ ನಿಲ್ಲುತ್ತದೆ.

ಮಣಿಪಾಲದವರು:
ಎರಡನೆಯ ಷರತ್ತಿನ ಸ್ಕೋಪ್ (ಎಷ್ಟು ಸಾಲುಗಳಲ್ಲಿ ನಿಜವಾಗಬೇಕು ಎಂಬ ಆಯ್ಕೆ) ಈಗ ‘ಆಲ್’ ಎಂದಿದ್ದೀತು, ಅದನ್ನು ‘ಎನಿ’ ಮಾಡಿ. ನಿಮ್ಮ ನಿರ್ಬಂಧ ಇರುವುದು ಆರ್ಡರ್ ಹೆಡರ್ (ಇಡೀ ಆರ್ಡರಿನ ತಲೆಭಾಗ) ಮೇಲೆ, ಪರೀಕ್ಷಿಸುವುದು ಅದರ ಸಾಲುಗಳನ್ನು. ‘ಆಲ್’ ಎಂದರೆ ಒಟ್ಟಿಗೆ ಪರೀಕ್ಷಿಸುವ ಸಾಲುಗಳ ಗುಂಪಾದ ರೆಕಾರ್ಡ್ ಸೆಟ್‌ಗೆ ಸೇರಿದ ಎಲ್ಲ ಸಾಲುಗಳಲ್ಲೂ ಷರತ್ತು ನಿಜವಾಗಬೇಕು. ‘ಪ್ರತಿ ಸಾಲಿಗೂ ಬೇಕು’ ಎಂಬ ಲೆಕ್ಕದಲ್ಲಿ ‘ಆಲ್’ ಆರಿಸುವುದು ಸಹಜ. ನಾನೂ ಒಮ್ಮೆ ಹಾಗೆಯೇ ಬಿದ್ದಿದ್ದೇನೆ. ಆದರೆ ಇಲ್ಲಿ ಬರೆಯುವುದು ಏನಿರಬೇಕು ಎಂಬುದನ್ನಲ್ಲ, ಯಾವಾಗ ತಡೆಯಬೇಕು ಎಂಬುದನ್ನು. ಒಂದು ಸಾಲು ಖಾಲಿ ಇದ್ದರೂ ತಡೆಯಬೇಕು, ಆದ್ದರಿಂದ ‘ಎನಿ’.

ಸಂದೇಶವನ್ನೂ ತಿದ್ದಿ. ‘ನಿರ್ಬಂಧ ಉಲ್ಲಂಘನೆ’ ಎಂದು ಬರೆದರೆ ಓದಿದವರು ನೇರ ನಿಮಗೇ ಫೋನ್ ಮಾಡುತ್ತಾರೆ. ‘ರಫ್ತು ಆರ್ಡರಿನ ಪ್ರತಿ ಸಾಲಿಗೂ ಪ್ಯಾಕಿಂಗ್ ವಿಧ ಬರೆಯಿರಿ’ ಎಂದರೆ ಅಲ್ಲಿಗೇ ಮುಗಿಯಿತು.

ಕದ್ರಿಯವರು:
ಒಂದು ಅನುಮಾನ. ಆ ಕ್ಷೇತ್ರದಲ್ಲಿ ಏನು ಬೇಕಾದರೂ ಟೈಪ್ ಮಾಡಬಹುದೇ? ಹಾಗಿದ್ದರೆ ಒಂದು ಚುಕ್ಕಿ ಹಾಕಿದರೂ ‘ಖಾಲಿ ಅಲ್ಲ’ ಎಂದೇ ಲೆಕ್ಕ. ವ್ಯಾಲ್ಯೂ ಸೆಟ್ (ಆರಿಸಬಹುದಾದ ಮೌಲ್ಯಗಳ ಪಟ್ಟಿ) ಕಟ್ಟಿ, ಟಿನ್ ಮತ್ತು ಚೀಲ ಎರಡನ್ನೇ ಆರಿಸಲು ಬಿಡಿ.

ಮಣಿಪಾಲದವರು:
ಒಳ್ಳೆಯ ಮಾತು. ಬದಲಿಸಿದ ಮೇಲೆ ಫ್ಲೆಕ್ಸ್‌ಫೀಲ್ಡನ್ನು ಮತ್ತೆ ಡಿಪ್ಲಾಯ್ ಮಾಡಬೇಕು, ಅಂದರೆ ಬದಲಾವಣೆಯನ್ನು ಜಾರಿಗೆ ತರಬೇಕು. ಮೊದಲು ಪರೀಕ್ಷಾ ವ್ಯವಸ್ಥೆಯಲ್ಲಿ ನೋಡಿ, ಮಾರಾಟದವರ ಎದುರಿಗೆ ಬೇಡ.

ಬೈಕಂಪಾಡಿಯವರು:
‘ಎನಿ’ ಮಾಡಿದೆ, ಖಾಲಿ ಸಾಲಿನ ಆರ್ಡರ್ ನಿಂತಿತು. ಎಲ್ಲ ತುಂಬಿದ್ದು ಹೋಯಿತು, ಊರಿನದೂ ಹೋಯಿತು. ವ್ಯಾಲ್ಯೂ ಸೆಟ್ ನಾಳೆ ಕಟ್ಟುತ್ತೇನೆ. ಇವತ್ತಿನ ರಫ್ತು ಆರ್ಡರುಗಳನ್ನು ತೆಗೆದು ನೋಡಿದೆ: ಕದ್ರಿಯವರು ಹೇಳಿದ ಚುಕ್ಕಿ ಆಗಲೇ ಎರಡು ಕಡೆ ಬಂದು ಕುಳಿತಿದೆ.