ವಂಶವೃಕ್ಷದ ವೆಬ್‌ಸೈಟಿಗೆ ದುಡ್ಡು ಕಟ್ಟಿದೆ, ತಾಯಿ ಕಡೆಯ ನಮ್ಮ ‘ಬಳಿ’ಗೆ ಅಲ್ಲಿ ಜಾಗವೇ ಇಲ್ಲ

ಪ್ರಶ್ನೆ (ಡೊಂಬಿವಲಿ):
ವಕೀಲರೇ, ನಮಸ್ಕಾರ. ಅಮ್ಮ ಮದುವೆಯಾಗಿ ಕಾರ್ಕಳದ ಕಡೆಯಿಂದ ಮುಂಬಯಿಗೆ ಬಂದವರು, ಈಗಿಲ್ಲ. ನಾನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಮಗಳ ಸಂಬಂಧ ನೋಡಲು ಬಂದವರು ಬಳಿ, ಅಂದರೆ ತಾಯಿಯಿಂದ ಬರುವ ಕುಲ, ಯಾವುದೆಂದು ಕೇಳಿದರು, ಹೇಳಿದೆ. ಆದರೆ ಅಜ್ಜಿಯ ತಾಯಿಯ ಹೆಸರೂ ನನಗೆ ಗೊತ್ತಿಲ್ಲವಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ವಿದೇಶಿ ವಂಶವೃಕ್ಷದ ವೆಬ್‌ಸೈಟಿನಲ್ಲಿ 14 ದಿನ ಉಚಿತ ಎಂದಿತ್ತು, ಕಾರ್ಡ್ ಕೊಟ್ಟು ಸೇರಿದೆ. ನಮ್ಮವರ ದಾಖಲೆ ಒಂದೂ ಸಿಗಲಿಲ್ಲ. ಯಾರೋ ಬೇರೆ ಶೆಟ್ಟರ ಮನೆಯ ಅಜ್ಜಿಯನ್ನು ತೋರಿಸಿ ಇವರು ನಿಮ್ಮವರೇ ಇರಬಹುದು ಎಂದಿತು. ಒಪ್ಪಿಬಿಟ್ಟೆ. ಈಗ ಆ ಮನೆಯ ಇಪ್ಪತ್ತು ಜನ ನಮ್ಮ ವೃಕ್ಷದಲ್ಲಿದ್ದಾರೆ. ಬೇಸರವಾಗಿ ಆ್ಯಪ್ ತೆಗೆದುಹಾಕಿದೆ. ಹದಿನೈದನೇ ದಿನ ಇಡೀ ವರ್ಷದ ಚಂದಾ 8,900 ರೂಪಾಯಿ ಕಾರ್ಡಿನಿಂದ ಹೋಯಿತು. ವಾಪಸ್ ಬರುತ್ತದೆಯೇ?

ಉತ್ತರ (ವಕೀಲರು, ಠಾಣೆ):
ಅಕ್ಕಾ, ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಸೇರುವಾಗ ಒಟಿಪಿ ಹಾಕಿದಿರಲ್ಲ, ಮುಂದಿನ ಕಂತುಗಳಿಗೂ ಅದೇ ಒಪ್ಪಿಗೆ. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ: ಇಂಥ ಕಂತು ಕಡಿತವಾಗುವ 24 ಗಂಟೆ ಮೊದಲು ಬ್ಯಾಂಕು ನಿಮಗೆ ತಿಳಿಸಬೇಕು, ಬೇಡವೆನ್ನುವ ದಾರಿಯನ್ನೂ ಕೊಡಬೇಕು. 15,000 ರೂಪಾಯಿಯವರೆಗಿನ ಕಂತಿಗೆ ಮತ್ತೆ ಒಟಿಪಿ ಕೇಳುವುದಿಲ್ಲ, ಅದಕ್ಕೇ ಸದ್ದಿಲ್ಲದೆ ಹೋಯಿತು. ಹಳೆಯ ಮೆಸೇಜುಗಳಲ್ಲಿ ಆ ಸೂಚನೆ ಇದೆಯೇ ಹುಡುಕಿ. ಬಂದೇ ಇಲ್ಲವಾದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ, ನಿಮ್ಮ ಕೈ ಬಲವಾಗುತ್ತದೆ. ಬಂದಿದ್ದರೂ ಇವತ್ತೇ ಕಂಪನಿಗೆ ಇಮೇಲ್ ಹಾಕಿ: ದಾಖಲೆ ಸಿಕ್ಕಿಲ್ಲ, ಬಳಸುತ್ತಿಲ್ಲ, ಹಣ ಹಿಂದಿರುಗಿಸಿ. ಬೇಗ ಕೇಳಿದವರಿಗೆ ಹಣ ಕೊಟ್ಟದ್ದನ್ನು ನೋಡಿದ್ದೇನೆ, ಖಾತರಿ ಹೇಳಲಾರೆ. ಬ್ಯಾಂಕಿನ ಆ್ಯಪಿನಲ್ಲೋ ಶಾಖೆಯಲ್ಲೋ ಆ ಮ್ಯಾಂಡೇಟ್ (ಕಂತು ತಾನಾಗಿ ಕಡಿತವಾಗಲು ಕೊಟ್ಟ ಒಪ್ಪಿಗೆ) ರದ್ದು ಮಾಡಿಸಿ, ಇಲ್ಲದಿದ್ದರೆ ಮುಂದಿನ ವರ್ಷವೂ ಇದೇ ಕಥೆ. ಖಾತೆ ಮುಚ್ಚುವ ಮೊದಲು ನೀವು ತುಂಬಿಸಿದ ಹೆಸರುಗಳನ್ನು ಜೆಡ್‌ಕಾಮ್ (GEDCOM) ಫೈಲಾಗಿ ಇಳಿಸಿಕೊಳ್ಳಿ. ವಂಶವೃಕ್ಷದ ಬೇರೆ ತಾಣಗಳೂ ಅದನ್ನು ಓದುತ್ತವೆ.

ದಾಖಲೆ ಸಿಗದಿದ್ದರಲ್ಲಿ ನಿಮ್ಮ ತಪ್ಪಿಲ್ಲ. ಈ ತಾಣಗಳು ಮಾರುವುದು ಹೆಚ್ಚಾಗಿ ಅಮೆರಿಕ, ಬ್ರಿಟನ್ನಿನ ಜನಗಣತಿ, ಚರ್ಚು, ಹಡಗಿನ ಪಟ್ಟಿಗಳನ್ನು. ಅಮೆರಿಕ 72 ವರ್ಷ ಕಳೆದ ಜನಗಣತಿಯನ್ನು ಹೆಸರು ಸಮೇತ ಬಿಡುಗಡೆ ಮಾಡುತ್ತದೆ. 1950ರದ್ದು 2022ರಲ್ಲಿ ಹೊರಬಂತು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆ ಆ ಹಾಳೆಗಳನ್ನು ಯಾರಿಗೂ ತೋರಿಸಲು ಬಿಡುವುದಿಲ್ಲ. ಇಲ್ಲದ ದಾಖಲೆಯನ್ನು ಚಂದಾ ಕಟ್ಟಿ ಹುಡುಕಿದಂತಾಯಿತು.

ಇನ್ನೊಂದು ಮಾತು ನನಗೆ ಬಹಳ ಮುಖ್ಯ. ಆ ಸೈಟು ಹುಡುಕುವುದು ಸರ್‌ನೇಮ್ ಹಿಡಿದು. ಶೆಟ್ಟಿ ಎಂದು ಹಾಕಿದರೆ ಊರೆಲ್ಲ ಶೆಟ್ಟರೇ. ತುಳುನಾಡಿನ ನಮ್ಮ ಬಂಟರಲ್ಲಿ ಮಕ್ಕಳಿಗೆ ಬಳಿ ಬರುವುದು ತಾಯಿಯಿಂದ. ಅಳಿಯಕಟ್ಟಿನ, ಅಂದರೆ ತಾಯಿಯ ಸಾಲಿನಲ್ಲಿ ಆಸ್ತಿ ಇಳಿಯುವ ಅಳಿಯಸಂತಾನ ಪದ್ಧತಿಯ, ಮನೆಯನ್ನು ಅಪ್ಪನ ಹೆಸರಿನಡಿ ಬರೆದರೆ ಕುಟುಂಬವೇ ಅದಲುಬದಲಾಗುತ್ತದೆ. ಗೊತ್ತಿರುವ ಅತಿ ಹಿರಿಯ ಹೆಂಗಸಿನಿಂದ ಆರಂಭಿಸಿ, ಹೆಣ್ಣುಮಕ್ಕಳ ಸಾಲನ್ನು ಕೆಳಗೆ ಬರೆಯುತ್ತ ಬನ್ನಿ. ಪ್ರತಿಯೊಬ್ಬರ ಟಿಪ್ಪಣಿಯಲ್ಲಿ ಬಳಿಯನ್ನೂ ತರವಾಡು ಮನೆಯ (ಕುಟುಂಬದ ಮೂಲ ಮನೆಯ) ಹೆಸರನ್ನೂ ಹಾಕಿ.

ಕಾಗದವೂ ಇದೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಎಷ್ಟೋ ಮನೆಗಳು ಕವರು ಕವರಾಗಿ (ಒಬ್ಬ ಹೆಂಗಸು ಮತ್ತು ಆಕೆಯ ಹೆಣ್ಣುಸಾಲಿನ ಸಂತತಿ ಸೇರಿ ಒಂದು ಕವರು) ಪಾಲಾದವು. ಆ ಪಾಲುಪತ್ರಗಳಲ್ಲಿ ಅಜ್ಜಿಯರ, ಅವರ ಮಕ್ಕಳ ಹೆಸರು ಸಾಲಾಗಿ ಇರುತ್ತವೆ. ನೋಂದಣಿಯಾಗಿದ್ದರೆ ಊರಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲಿಗೆ ಅರ್ಜಿ ಹಾಕಬಹುದು. ಒಂದು ಪಾಲುಪತ್ರದಲ್ಲಿ ನಾಲ್ಕು ತಲೆಮಾರು ಕಂಡಿದ್ದೇನೆ.

ಪ್ರಶ್ನೆ (ಪುಣೆ, ಊರು ಧಾರವಾಡ):
ಸರ್, ನಾನೂ ಇಂಥದೊಂದು ಸೈಟಿನಾಗ ವಂಶಾವಳಿ ಮಾಡೇನಿ. ಅದರ ಪ್ರಿಂಟ್ ಪೌತಿ ಖಾತೆಗೆ, ಅಂದ್ರ ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಮಾಡಾಕ, ನಡೀತದೇನ್ರಿ?

ಉತ್ತರ:
ಇಲ್ಲ. ಅದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ ಪಡೆಯುವ ವಂಶವೃಕ್ಷವೇ ಬೇಕು. ನಿಮ್ಮ ಪ್ರಿಂಟು ಆ ಅರ್ಜಿ ತುಂಬಲು ನೆರವಾಗುತ್ತದೆ, ಅಷ್ಟೇ. ಬರೆದಿಡಲು ಒಂದು ಜಾಗ ಮಾತ್ರ ಸಾಕಾದರೆ ಫ್ಯಾಮಿಲಿಸರ್ಚ್ ಪೂರ್ತಿ ಉಚಿತ. ಹರಿದ್ವಾರದ ಪಂಡರ (ತೀರ್ಥದ ಪುರೋಹಿತರ) ವಹಿಗಳ, ಅಂದರೆ ಯಾತ್ರಿಕರ ವಂಶ ಬರೆದಿಟ್ಟ ಪುಸ್ತಕಗಳ, ಚಿತ್ರಗಳೂ ಅಲ್ಲಿವೆ. ಒಂದೇ ಎಚ್ಚರಿಕೆ: ಅಲ್ಲಿ ಎಲ್ಲರಿಗೂ ಸೇರಿ ಒಂದೇ ವೃಕ್ಷ. ತೀರಿಹೋದವರ ವಿವರವನ್ನು ಬೇರೆಯವರೂ ತಿದ್ದಬಲ್ಲರು. ನಿಮ್ಮದೊಂದು ಪ್ರತಿ ಮನೆಯಲ್ಲಿರಲಿ.

ಪ್ರಶ್ನೆ (ಡೊಂಬಿವಲಿ):
ಮ್ಯಾಂಡೇಟ್ ರದ್ದಾಯಿತು, ಇಮೇಲಿಗೆ ಇನ್ನೂ ಉತ್ತರವಿಲ್ಲ. ವಕೀಲರೇ, ಅಮ್ಮನ ಚಿಕ್ಕಮ್ಮ ಊರಲ್ಲಿದ್ದಾರೆ. 91 ವರ್ಷ, ಕಿವಿ ಮಂದ. ಮುಂದಿನ ವಾರ ಮತ್ಸ್ಯಗಂಧಾ ರೈಲಿನಲ್ಲಿ ಹೊರಟಿದ್ದೇನೆ. ಮೊದಲು ಏನು ಕೇಳಲಿ?

ಉತ್ತರ:
ಹಿಂದಿನವರ ಹೆಸರು ಹೇಳಿ ಎಂದು ಕೇಳಬೇಡಿ ಅಕ್ಕಾ, ಗಾಬರಿಯಾಗಿ ಗೊತ್ತಿಲ್ಲ ಎಂದುಬಿಡುತ್ತಾರೆ. ಹಳೆಯ ಫೋಟೋ ಇದ್ದರೆ ಕೈಗೆ ಕೊಡಿ. ನಿಮ್ಮ ಅಮ್ಮನನ್ನು ಹೆತ್ತಾಗ ಅಜ್ಜಿಯ ಬಾಣಂತನ ಯಾರ ಮನೆಯಲ್ಲಾಯಿತು, ನೀರು ಹೊಯ್ದವರು ಯಾರು, ಅವರನ್ನು ಏನೆಂದು ಕರೆಯುತ್ತಿದ್ದಿರಿ ಎಂದು ಕೇಳಿ. ತುಳುವಿನಲ್ಲೇ ಕೇಳಿ. ಫೋನಿನಲ್ಲಿ ರೆಕಾರ್ಡ್ ಆಗುತ್ತಿರಲಿ, ನಡುವೆ ಮಾತು ತಡೆಯಬೇಡಿ.