ನೀಟ್ ಫಿಸಿಕ್ಸ್ ಬೇಸಿಕ್ಕಿನಿಂದ ಶುರು ಮಾಡಿಸಿದವರು ಅನುಭವ ಹೇಳಿ

ಉಡುಪಿ ಅಮ್ಮ: ಮಗಳು ಸೆಕೆಂಡ್ ಪಿಯು. ಬಯಾಲಜಿಗೆ ತೊಂದರೆ ಇಲ್ಲ, ಫಿಸಿಕ್ಸ್ ಮಾಕ್ ಟೆಸ್ಟಲ್ಲಿ 180ಕ್ಕೆ 40 ದಾಟುವುದಿಲ್ಲ. ಕೋಚಿಂಗಿಗೆ ಹಾಕುವುದಾ, ಮನೆಯಲ್ಲೇ ಮಾಡಿಸುವುದಾ?

ಸುಳ್ಯದಪ್ಪ: ಹಾಕುವ ಮೊದಲು ನಮ್ಮ ಕಥೆ ಕೇಳಿ ಮಾರಾಯ್ರೆ. ಮಗನನ್ನು ಮಂಗಳೂರಲ್ಲಿ ಇಂಟಿಗ್ರೇಟೆಡ್ಡಿಗೆ, ಅಂದರೆ ಪಿಯು ಮತ್ತು ಕೋಚಿಂಗ್ ಒಟ್ಟಿಗೆ ಇರುವಲ್ಲಿಗೆ ಹಾಕಿದ್ದು. ಎರಡು ವರ್ಷಕ್ಕೆ 3,20,000 ಅಂದರು. ಮತ್ತೆ ಟ್ಯಾಬಿಗೆ 17,500, ಮೆಟೀರಿಯಲ್ಲಿಗೆ 9,000, ಹಾಸ್ಟೆಲ್ ಬಟ್ಟೆ ಒಗೆಯಲಿಕ್ಕೆ ಬೇರೆ. ಡೆಪಾಸಿಟ್ ಇವತ್ತಿಗೂ ವಾಪಸ್ ಬರ್ಲಿಲ್ಲ. ನಡು ವರ್ಷದಲ್ಲಿ ಫಿಸಿಕ್ಸ್ ಸರ್ ಬಿಟ್ಟು ಹೋದರು, ಹೊಸಬರು ಶಾರ್ಟ್‌ಕಟ್ ಬಿಟ್ಟರೆ ಬೇರೆ ಹೇಳ್ಲಿಲ್ಲ. ರಜೆಯಲ್ಲಿ ಬಂದವನಿಗೆ ಕೇಳಿದೆ, ಲಿಫ್ಟ್ ಒಂದೇ ವೇಗದಲ್ಲಿ ಮೇಲೆ ಹೋಗುವಾಗ ಹಗ್ಗದ ಟೆನ್ಶನ್ (ಎಳೆತ) ಎಷ್ಟು ಅಂತ. ಭಾರದಷ್ಟೇ ಅನ್ನುವ ಬದಲು ಭಾರಕ್ಕಿಂತ ಜಾಸ್ತಿ ಅಂದ! ಕೊನೆಗೆ ಪುತ್ತೂರಲ್ಲಿ ಒಬ್ಬರು ರಿಟೈರ್ಡ್ ಲೆಕ್ಚರರನ್ನು ಹಿಡಿದೆವು, ತಿಂಗಳಿಗೆ 1,500. ಅವರು ಸುಮಾರು ಸಮಯ ಫಾರ್ಮುಲಾ ಮುಟ್ಟಲಿಕ್ಕೇ ಬಿಡ್ಲಿಲ್ಲ. ಒಂದು ಡಬ್ಬ ಬರಿ, ಅದರ ಮೇಲೆ ಯಾವ ಯಾವ ಬಲ ಉಂಟು ಬಾಣ ಹಾಕು, ಅಷ್ಟೇ.

ಕುಂದಾಪ್ರ ಹುಡ್ಗ: ನಾನು ಕೋಚಿಂಗ್ ಮೆಟ್ಟಿಲೇ ಹತ್ತಿಲ್ಲ, ಸರ್ಕಾರಿ ಸೀಟಲ್ಲೇ ಓದುತ್ತಿದ್ದೇನೆ. ಎನ್‌ಸಿಇಆರ್‌ಟಿ ಪುಸ್ತಕ ಮತ್ತು ಹಳೇ ಪ್ರಶ್ನೆಪತ್ರಿಕೆ ಸಾಕು. ಕ್ಯಾಲ್ಕುಲೇಟರ್ ಇಲ್ಲ, 2025ರಿಂದ 180 ಪ್ರಶ್ನೆಗೆ 180 ನಿಮಿಷ. 500 ನ್ಯಾನೋಮೀಟರ್ ಬೆಳಕಿನ ಫೋಟಾನ್ (ಬೆಳಕಿನ ಕಣ) ಶಕ್ತಿಗೆ ಪ್ಲಾಂಕ್ ಸ್ಥಿರಾಂಕದ ಹತ್ತರ ಮೈನಸ್ 34ನೇ ಘಾತ ಹಿಡಿದು ಕೂತರೆ ಅಲ್ಲೇ ಮುಗೀತು. 1240ನ್ನು 500ರಿಂದ ಭಾಗಿಸಿ, 2.48 ಎಲೆಕ್ಟ್ರಾನ್ ವೋಲ್ಟ್, ಮುಂದಿನದಕ್ಕೆ ಹೋಗಿ. ಮೂರು ಲಕ್ಷ ಕೊಟ್ಟವರಿಗೆ ಇದನ್ನು ಹೇಳಿಕೊಡ್ಲಿಲ್ವಾ?

ಸುಳ್ಯದಪ್ಪ: ತಮ್ಮಾ, ನಾನು ಅದನ್ನೇ ಶಾರ್ಟ್‌ಕಟ್ ಅಂದದ್ದು. ಆ 1240 ಎಲ್ಲಿಂದ ಬಂತು ಗೊತ್ತಿಲ್ಲದಿದ್ದರೆ ಪ್ರಶ್ನೆ ಸ್ವಲ್ಪ ತಿರುಗಿಸಿದ ಕೂಡ್ಲೇ ನಿಮ್ಮ ಆಟ ಮುಗೀತು. ಮತ್ತೆ, ನಿಮ್ಮ ಅಪ್ಪ ಫಿಸಿಕ್ಸ್ ಲೆಕ್ಚರರ್ ಅಂತ ಆಚೆ ವರ್ಷ ನೀವೇ ಇಲ್ಲಿ ಬರೆದದ್ದು ನೆನಪುಂಟು. ಅದು ಕೋಚಿಂಗ್ ಅಲ್ವಾ?

ಕುಂದಾಪ್ರ ಹುಡ್ಗ: ಎಚ್‌ಸಿ ಅಂತ ಬಾಯಿಪಾಠ ಮಾಡಿದ್ದಲ್ಲ, ಆ 1240ನ್ನು ಎಚ್ (ಪ್ಲಾಂಕ್ ಸ್ಥಿರಾಂಕ) ಗುಣಿಸು ಸಿ (ಬೆಳಕಿನ ವೇಗ) ಲೆಕ್ಕ ಮಾಡಿಯೇ ತೆಗೆದದ್ದು. ಅಪ್ಪನ ವಿಷಯ ಇಲ್ಲಿಗೆ ಎಂತಕ್ಕೆ?

ಕಂಕನಾಡಿ ಟೀಚರ್: ಇಬ್ಬರೂ ಇಂಗ್ಲಿಷ್ ಮೀಡಿಯಂ ಮಕ್ಕಳ ಮಾತೇ ಆಡ್ತಿದ್ದೀರಿ. ನನ್ನ ಅಕ್ಕನ ಮಗಳು ಹತ್ತರವರೆಗೆ ಕನ್ನಡ ಮೀಡಿಯಂ. ಜಡತ್ವ, ಸಂವೇಗ ಎಲ್ಲ ಗೊತ್ತಿತ್ತು, ಆ ಸಂವೇಗವನ್ನೇ ಮೊಮೆಂಟಮ್ ಅಂದ ಕೂಡ್ಲೇ ಕೈ ನಡುಗ್ತಿತ್ತು. ನೀಟ್ ಕನ್ನಡದಲ್ಲೂ ಬರೀಬಹುದು ಅಂತ ಕಾಲೇಜಲ್ಲಿ ಒಬ್ಬರೂ ಹೇಳ್ಲಿಲ್ಲ!

ಸುಳ್ಯದಪ್ಪ: ಬರೀಬಹುದು ಟೀಚರೇ, ಆದರೆ ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷೇ ಅಂತಿಮ. ಅದನ್ನೂ ಹೇಳಿ.

ಕಂಕನಾಡಿ ಟೀಚರ್: ಕನ್ನಡ ತೆಗೊಂಡವರಿಗೆ ಎರಡೂ ಭಾಷೆಯಲ್ಲಿ ಪ್ರಶ್ನೆ ಇರ್ತದೆ ಸ್ವಾಮೀ! ನೋಡದೆ ಮಾತಾಡಬೇಡಿ.

ಪಡುಬಿದ್ರಿ ರಿಪೀಟರ್: ಜಗಳ ಆಮೇಲೆ ಮಾಡಿ. ನನ್ನದು ಲಾಂಗ್ ಟರ್ಮ್, ಅಂದರೆ ಪಿಯು ಮುಗಿಸಿ ಮತ್ತೆ ನೀಟಿಗೇ ಓದುವುದು. ಲೆನ್ಸಿನ ಪ್ಲಸ್ ಮೈನಸ್ ಚಿಹ್ನೆ ತಪ್ಪಿಯೇ ಸೀಟು ಹೋದದ್ದು, ಒಂದು ತಪ್ಪಿಗೆ ನಾಲ್ಕು ಮಾರ್ಕ್ ಸಿಗುವುದೂ ಇಲ್ಲ, ಇದ್ದದ್ದರಲ್ಲಿ ಒಂದು ಕಟ್. ಸುಳ್ಯದವರೇ, ಆ 9,000ದ ಮೆಟೀರಿಯಲ್ ಗುಜರಿಗೆ ಕೊಟ್ಟಾಯ್ತಾ? ಕೊಟ್ಟಿಲ್ಲದಿದ್ದರೆ ನನಗೆ ಬೇಕಿತ್ತು.

ಸುಳ್ಯದಪ್ಪ: ಉಂಟು, ಅರ್ಧಕ್ಕರ್ಧ ಬಿಡಿಸಿಯೇ ಇಲ್ಲ. ಬಸ್ಸಿನಲ್ಲಿ ಹಾಕ್ತೇನೆ, ಪಾರ್ಸೆಲ್ ಚಾರ್ಜ್ ನಿಮ್ಮದು.

ಕುಂದಾಪ್ರ ಹುಡ್ಗ: ಬಯ್ದದ್ದೂ ಅದನ್ನೇ, ಹಂಚುವುದೂ ಅದನ್ನೇ.

ಸುಳ್ಯದಪ್ಪ: ನಿಮಗೆ ಕೇಳಿದ್ದಲ್ಲ.